ಒಂದು ಸಾಬೂನು ಪುಡಿಯಾಯಿತು, ಇನ್ನೊಂದು ತಂತಿಗೆ ಅಂಟಿತು: ಏಕೆ?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಗೃಹಿಣಿ. ಎಣ್ಣೆಯನ್ನು ಕುದಿಸದೆ, ಕಾಸ್ಟಿಕ್ ಸೋಡಾ ನೀರು ಬೆರೆಸಿ ಅಚ್ಚಿಗೆ ಹೊಯ್ಯುವ ವಿಧಾನದಲ್ಲಿ ಎರಡು ಬಾರಿ ಮನೆಯಲ್ಲೇ ಸಾಬೂನು ಮಾಡಿದೆ. ಬೇಸಿಗೆಯಲ್ಲಿ ಮಾಡಿದ ಮೊದಲನೆಯದಕ್ಕೆ 700 ಮಿ.ಲೀ. ಕೊಬ್ಬರಿ ಎಣ್ಣೆ, 200 ಮಿ.ಲೀ. ಶೇಂಗಾ ಎಣ್ಣೆ, 100 ಮಿ.ಲೀ. ಹರಳೆಣ್ಣೆ ಅಳೆದು, ಪಾಕವಿಧಾನದಲ್ಲಿ ಹೇಳಿದ್ದಂತೆ 160 ಗ್ರಾಂ ಕಾಸ್ಟಿಕ್ ಮತ್ತು 320 ಗ್ರಾಂ ಬಾವಿ ನೀರು ಹಾಕಿದ್ದೆ. ಮರುದಿನ ಸಂಜೆ ಕತ್ತರಿಸಲು ಹೋದರೆ ಬಿಲ್ಲೆಗಳ ಅಂಚು ಒಡೆದು ಪುಡಿಯಾಯಿತು. ಮೇಲೆ ಬಿಳಿ ಹಿಟ್ಟು ಬಂದಿತ್ತು, ಒಳಗೂ ಅಲ್ಲಲ್ಲಿ ಬಿಳಿ ಕಾಳುಗಳಿದ್ದವು. ಕಾಸ್ಟಿಕ್ ಹೆಚ್ಚಾಗಿರಬೇಕೆಂದು ಹೆದರಿ, ಮಳೆಗಾಲದಲ್ಲಿ ಎರಡನೆಯ ಬಾರಿ 500 ಮಿ.ಲೀ. ಸೂರ್ಯಕಾಂತಿ, 300 ಮಿ.ಲೀ. ಕೊಬ್ಬರಿ, 200 ಮಿ.ಲೀ. ಹರಳೆಣ್ಣೆಗೆ 120 ಗ್ರಾಂ ಕಾಸ್ಟಿಕ್ ಮಾತ್ರ ಹಾಕಿ, ನೀರನ್ನು 380 ಗ್ರಾಂಗೆ ಏರಿಸಿದೆ. ಅದು ನಾಲ್ಕು ದಿನವಾದರೂ ಕತ್ತರಿಸುವ ತಂತಿಗೆ ಅಂಟುತ್ತಿತ್ತು. ಈಗ ಎರಡು ತಿಂಗಳಿಗೆ ಕಿತ್ತಳೆ ಬಣ್ಣದ ಚುಕ್ಕೆಗಳು ಎದ್ದು ಹಳೆಯ ಎಣ್ಣೆಯ ವಾಸನೆ ಬರುತ್ತಿದೆ. ತಪ್ಪು ಎಲ್ಲಾಗಿದೆ? ಎರಡನ್ನೂ ಎಸೆಯಬೇಕೇ? ಎಷ್ಟು ಹೊತ್ತಿಗೆ ಕತ್ತರಿಸಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲ ಅಳತೆಗಳನ್ನೂ ಬರೆದು ಕಳಿಸಿದ್ದರಿಂದ ಊಹೆ ಮಾಡಬೇಕಾದ ಪ್ರಮೇಯ ಬರಲಿಲ್ಲ. ಕತ್ತರಿಸುವಾಗ ಬಿಲ್ಲೆ ಒಡೆಯಿತು, ತಂತಿಗೆ ಅಂಟಿತು ಎಂದು ಬರೆಯುವವರು ಸಾಮಾನ್ಯವಾಗಿ ಯಾವ ಚಾಕು ಕೊಳ್ಳಬೇಕೆಂದು ಕೇಳುತ್ತಾರೆ. ನಿಮ್ಮ ಎರಡೂ ಸಾಬೂನುಗಳ ದೋಷ ಚಾಕುವಿನವರೆಗೆ ಬರುವ ಮೊದಲೇ, ಅಳತೆಯಲ್ಲೇ ಹುಟ್ಟಿದೆ. ಮೊದಲನೆಯದು ಏಕೆ ಕೆಟ್ಟಿತೆಂದು ತಿಳಿಯದೆ ಎರಡನೆಯದನ್ನು ತಿದ್ದಲು ಹೋದದ್ದರಿಂದ ಅದು ವಿರುದ್ಧ ದಿಕ್ಕಿಗೆ ಕೆಟ್ಟಿತು.

ನಿಮ್ಮ ಪಾಕವಿಧಾನದ 160 ಗ್ರಾಂ ಎಂಬ ಲೆಕ್ಕ ತಪ್ಪಲ್ಲ. ಒಂದು ಗ್ರಾಂ ಎಣ್ಣೆ ಪೂರ್ತಿ ಸಾಬೂನಾಗಲು ಬೇಕಾಗುವ ಕಾಸ್ಟಿಕ್ ಎಣ್ಣೆಯಿಂದ ಎಣ್ಣೆಗೆ ಬೇರೆಯಾಗುತ್ತದೆ. ಕೊಬ್ಬರಿ ಎಣ್ಣೆಗೆ ಸುಮಾರು 0.183 ಗ್ರಾಂ, ಶೇಂಗಾ ಎಣ್ಣೆಗೆ 0.136 ಗ್ರಾಂ, ಹರಳೆಣ್ಣೆಗೆ 0.128 ಗ್ರಾಂ. ಆ ಪ್ರಕಾರ 700, 200 ಮತ್ತು 100 ಗ್ರಾಂ ಎಣ್ಣೆಗಳಿಗೆ ಒಟ್ಟು 168 ಗ್ರಾಂ ಬೇಕು. ಚರ್ಮಕ್ಕೆ ಹಿತವಾಗಿರಲೆಂದು ಶೇಕಡಾ 5ರಷ್ಟು ಎಣ್ಣೆಯನ್ನು ಸಾಬೂನಾಗದೆ ಉಳಿಸುವುದು ರೂಢಿ. ಅಷ್ಟನ್ನು ಕಳೆದರೆ 160 ಗ್ರಾಂ ಆಗುತ್ತದೆ. ಆದರೆ ಪಾಕವಿಧಾನ ಗ್ರಾಂನಲ್ಲಿ ಹೇಳಿದ್ದನ್ನು ನೀವು ಮಿಲಿಲೀಟರಿನಲ್ಲಿ ಅಳೆದಿರಿ. ಎಣ್ಣೆ ನೀರಿಗಿಂತ ಹಗುರ. ಅಂಗಡಿಯ ಒಂದು ಲೀಟರ್ ಎಣ್ಣೆ ಪ್ಯಾಕೆಟ್ಟಿನ ಮೇಲೆ 910 ಗ್ರಾಂ ಎಂದು ಅಚ್ಚಾಗಿರುವುದನ್ನು ನೀವೇ ನೋಡಿರಬಹುದು. ನಿಮ್ಮ 700 ಮಿ.ಲೀ. ಕೊಬ್ಬರಿ ಎಣ್ಣೆ ತೂಗಿದ್ದರೆ ಸುಮಾರು 642 ಗ್ರಾಂ, ಶೇಂಗಾ ಎಣ್ಣೆ 182 ಗ್ರಾಂ, ಹರಳೆಣ್ಣೆ 96 ಗ್ರಾಂ ಬರುತ್ತಿತ್ತು. ಇಷ್ಟು ಎಣ್ಣೆಯ ಕೊನೆಯ ಹನಿಯವರೆಗೂ ಸಾಬೂನಾಗಲು ಸಾಕಾಗುವ ಕಾಸ್ಟಿಕ್ 155 ಗ್ರಾಂಗಿಂತ ತುಸು ಕಡಿಮೆ. ಅಂದರೆ ಶೇಕಡಾ 5ರಷ್ಟು ಎಣ್ಣೆ ಉಳಿಯಬೇಕಾದಲ್ಲಿ ಒಂದಿಷ್ಟೂ ಉಳಿಯದೆ, ಅದರ ಮೇಲೆ ಸುಮಾರು 5 ಗ್ರಾಂ ಕಾಸ್ಟಿಕ್ ಮಿಕ್ಕಿತು. ಕಾಸ್ಟಿಕ್ ಚಕ್ಕೆ ನೂರಕ್ಕೆ ನೂರು ಶುದ್ಧವಾಗಿರುವುದಿಲ್ಲವಾದ್ದರಿಂದ ನಿಜವಾಗಿ ಮಿಕ್ಕಿದ್ದು ಇದಕ್ಕಿಂತ ತುಸು ಕಡಿಮೆ ಇದ್ದೀತು. ಆದರೂ ಒಣಗಿ ಪುಡಿಯಾಗುವ ಸಾಬೂನಿಗೆ ಅಷ್ಟು ಸಾಕು.

ಕಾರ್ಖಾನೆಗಳಲ್ಲಿ ಇಂಥ ತಪ್ಪನ್ನು ಸರಿಪಡಿಸುವ ದಾರಿ ಆ ವಿಧಾನದ ಒಳಗೇ ಇರುತ್ತದೆ ಎಂಬುದನ್ನು ಇಲ್ಲಿ ಹೇಳಬೇಕು. ನೂರು ವರ್ಷಗಳಿಗೂ ಹಿಂದೆ ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನದ ಸರ್ಕಾರಿ ಸಾಬೂನು ಕಾರ್ಖಾನೆ ಆರಂಭವಾದ ಕಾಲಕ್ಕೆ ದೊಡ್ಡ ಪ್ರಮಾಣದಲ್ಲಿ ಸಾಬೂನು ಮಾಡುವವರ ರೂಢಿ ಎಂದರೆ ಕೊಬ್ಬು ಮತ್ತು ಕ್ಷಾರವನ್ನು ದೊಡ್ಡ ಕಡಾಯಿಗಳಲ್ಲಿ ಕುದಿಸಿ, ಕೊನೆಗೆ ಉಪ್ಪು ಹಾಕಿ ಸಾಬೂನನ್ನು ಮೇಲಕ್ಕೆ ತೇಲಿಸುವುದು. ಹೆಚ್ಚಾದ ಕ್ಷಾರವೂ, ಸಾಬೂನಾಗುವಾಗ ಎಣ್ಣೆಯಿಂದ ಹುಟ್ಟುವ ಗ್ಲಿಸರಿನ್ನೂ ಕೆಳಗಿನ ಉಪ್ಪುನೀರಿನೊಡನೆ ಹರಿದುಹೋಗುತ್ತದೆ. ನಿಮ್ಮ ವಿಧಾನದಲ್ಲಿ ಗ್ಲಿಸರಿನ್ ಉಳಿಯುತ್ತದೆ, ಅದು ಮನೆ ಸಾಬೂನಿನ ದೊಡ್ಡ ಗುಣ. ಆದರೆ ಅದರೊಡನೆ ಅಳತೆಯ ತಪ್ಪೂ ಉಳಿಯುತ್ತದೆ. ಅಚ್ಚಿಗೆ ಹೊಯ್ದದ್ದರಲ್ಲಿ ಸ್ವಲ್ಪ ನೀರು ಆರಿಹೋಗುವುದನ್ನು ಬಿಟ್ಟರೆ ಹೊರಗೆ ಹೋಗುವುದು ಏನೂ ಇಲ್ಲ. ಆದ್ದರಿಂದ ಎಣ್ಣೆ, ನೀರು, ಕಾಸ್ಟಿಕ್ ಮೂರನ್ನೂ ಒಂದೇ ತೂಕದ ಯಂತ್ರದಲ್ಲಿ ಗ್ರಾಂ ಲೆಕ್ಕದಲ್ಲಿ ತೂಗಬೇಕು. ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಡಿಜಿಟಲ್ ತೂಕ ಒಂದು ಕಿಲೋ ಎಣ್ಣೆಯ ಸಾಬೂನಿಗೆ ಸಾಲುತ್ತದೆ. ಕಾಲು ಕಿಲೋ ಮಾಡುವವರಿಗೆ ಅದು ಸಾಲದು, ಏಕೆಂದರೆ ಅಲ್ಲಿ ಎರಡು ಗ್ರಾಂ ವ್ಯತ್ಯಾಸವೇ ಶೇಕಡಾ 5ನ್ನು ನುಂಗಿಹಾಕುತ್ತದೆ.

ಆದರೆ ಮೊದಲ ಸಾಬೂನು ಒಡೆದದ್ದಕ್ಕೆ ಕಾಸ್ಟಿಕ್ ಒಂದೇ ಕಾರಣವಲ್ಲ. ಅದರಲ್ಲಿ ಶೇಕಡಾ 70ರಷ್ಟು ಕೊಬ್ಬರಿ ಎಣ್ಣೆ ಇತ್ತು, ನೀವು ಕತ್ತರಿಸಿದ್ದು ಒಂದು ಹಗಲು ಒಂದು ರಾತ್ರಿ ಕಳೆದ ಮೇಲೆ. ಕೊಬ್ಬರಿ ಎಣ್ಣೆಯ ಸಾಬೂನು ಬೇಗ ಬಿಸಿಯಾಗುತ್ತದೆ, ಬೇಗ ಗಟ್ಟಿಯಾಗುತ್ತದೆ, ಗಟ್ಟಿಯಾದ ಮೇಲೆ ಬಗ್ಗುವ ಗುಣವನ್ನೇ ಕಳೆದುಕೊಳ್ಳುತ್ತದೆ. ಕೊಬ್ಬರಿ ಮಿಠಾಯಿ ಮಾಡುವ ಯಾರೂ ತಟ್ಟೆಗೆ ಹೊಯ್ದ ಪಾಕ ಪೂರ್ತಿ ಆರುವವರೆಗೆ ಕಾಯುವುದಿಲ್ಲ, ಇನ್ನೂ ಬಿಸಿಯಿರುವಾಗಲೇ ಗೆರೆ ಎಳೆಯುತ್ತಾರೆ. ತಡ ಮಾಡಿದರೆ ಚೌಕ ಬರುವ ಬದಲು ಚೂರು ಬರುತ್ತದೆ. ಈ ಸಾಬೂನಿಗೂ ಅದೇ ಹದ. ಕೊಬ್ಬರಿ ಎಣ್ಣೆ ಶೇಕಡಾ 70ರಿಂದ 100ರಷ್ಟಿದ್ದರೆ ಹೊಯ್ದ ನಾಲ್ಕರಿಂದ ಎಂಟು ಗಂಟೆಗಳೊಳಗೆ, ಮುಟ್ಟಿದರೆ ಇನ್ನೂ ಬೆಚ್ಚಗಿರುವಾಗ ಕತ್ತರಿಸಿಬಿಡಬೇಕು.

ಎರಡು ಕಾರಣಗಳಲ್ಲಿ ಯಾವುದು ನಿಮ್ಮದೆಂದು ತುಂಡಾದ ಮುಖವನ್ನು ನೋಡಿ ಬಹುಮಟ್ಟಿಗೆ ಹೇಳಬಹುದು. ತಡವಾಗಿ ಕತ್ತರಿಸಿದ ಒಳ್ಳೆಯ ಸಾಬೂನು ಹೆಂಚು ಒಡೆದಂತೆ ದೊಡ್ಡ ಚಕ್ಕೆಗಳಾಗಿ ಸೀಳುತ್ತದೆ, ಒಡೆದ ಮುಖ ನುಣುಪಾಗಿರುತ್ತದೆ. ಕಾಸ್ಟಿಕ್ ಹೆಚ್ಚಾದದ್ದು ಸೀಮೆಸುಣ್ಣದಂತೆ ಉದುರುತ್ತದೆ, ಕೈಗೆ ಒಣ ಪುಡಿ ಹತ್ತುತ್ತದೆ. ನೀವು ಅಂಚು ಪುಡಿಯಾಯಿತೆಂದು ಬರೆದಿದ್ದೀರಿ, ಲೆಕ್ಕವೂ ಅದನ್ನೇ ಹೇಳುತ್ತದೆ. ಆದ್ದರಿಂದ ನಿಮ್ಮಲ್ಲಿ ಎರಡೂ ಸೇರಿವೆ ಎಂದು ನನ್ನ ಅಭಿಪ್ರಾಯ.

ಬಿಳಿ ಹಿಟ್ಟು ಮತ್ತು ಬಿಳಿ ಕಾಳು ಬೇರೆ ಬೇರೆ ವಿಷಯಗಳು. ಮೇಲ್ಮೈಯಲ್ಲಿ ಮಾತ್ರ ಬರುವ ಬೂದಿಯಂಥ ಪದರ ಸೋಡಿಯಂ ಕಾರ್ಬೊನೇಟ್, ಅಂದರೆ ಬಟ್ಟೆ ಒಗೆಯಲು ಬಳಸುವ ವಾಷಿಂಗ್ ಸೋಡಾ. ಇನ್ನೂ ಸಾಬೂನಾಗದ ಕಾಸ್ಟಿಕ್ ಗಾಳಿಯ ಇಂಗಾಲದ ಡೈಆಕ್ಸೈಡಿನೊಡನೆ ಸೇರಿ ಅದು ಹುಟ್ಟುತ್ತದೆ. ನೋಡಲು ಚೆನ್ನಾಗಿರುವುದಿಲ್ಲ ಎನ್ನುವುದನ್ನು ಬಿಟ್ಟರೆ ಅದರಿಂದ ತೊಂದರೆಯಿಲ್ಲ. ಇಡ್ಲಿ ಪಾತ್ರೆಯಿಂದ ಏಳುವ ಹಬೆಗೆ ಕೆಲವು ಕ್ಷಣ ಹಿಡಿದರೆ ಕರಗಿಹೋಗುತ್ತದೆ, ತೇವದ ಬಟ್ಟೆಯಿಂದ ಒರೆಸಿದರೂ ಹೋಗುತ್ತದೆ. ಅಚ್ಚಿಗೆ ಹೊಯ್ದ ಕೂಡಲೇ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಗಾಳಿ ತಾಗದಂತೆ ಮಾಡಿದರೆ ಬಹುಪಾಲು ಬರುವುದೇ ಇಲ್ಲ.

ಒಳಗಿನ ಕಾಳುಗಳನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಕಾಸ್ಟಿಕ್ ಚಕ್ಕೆ ಪೂರ್ತಿ ಕರಗದೆ ತಳದಲ್ಲಿ ಉಳಿದದ್ದು ಹಾಗೆಯೇ ಎಣ್ಣೆಗೆ ಬಿದ್ದರೆ, ಸಾಬೂನಿನೊಳಗೆ ಚರ್ಮವನ್ನು ಸುಡುವ ಬಿಳಿ ಗಂಟುಗಳಾಗಿ ಕುಳಿತಿರುತ್ತವೆ. ಕಾಸ್ಟಿಕ್ ನೀರು ತಿಳಿಯಾಗುವವರೆಗೆ ಕಾದು, ಸ್ಟೀಲ್ ಜರಡಿಯಲ್ಲಿ ಸೋಸಿಯೇ ಎಣ್ಣೆಗೆ ಹೊಯ್ಯುವುದು ಇದಕ್ಕೆ ಪರಿಹಾರ. ಮುರುಗಲ (ಪುನರ್ಪುಳಿ) ಬೀಜದ ತುಪ್ಪ, ತಾಳೆ ಎಣ್ಣೆಗಳಂಥ ಗಟ್ಟಿ ಕೊಬ್ಬು ಹಾಕಿದವರಿಗೂ ಬಿಳಿ ಚುಕ್ಕೆ ಕಾಣುವುದುಂಟು. ಅದು ಪೂರ್ತಿ ಕರಗದ ಕೊಬ್ಬು ಮರಳಿ ಹೆಪ್ಪುಗಟ್ಟಿದ್ದು, ಸುಡುವುದಿಲ್ಲ. ನಿಮ್ಮ ಮೊದಲ ಸಾಬೂನಿನಲ್ಲಿ ಅಂಥ ಕೊಬ್ಬು ಇರಲಿಲ್ಲವಾದ್ದರಿಂದ ಆ ಅನುಕೂಲಕರ ವಿವರಣೆ ನಿಮಗೆ ಒದಗುವುದಿಲ್ಲ.

ಸುಡುತ್ತದೆಯೋ ಇಲ್ಲವೋ ಎಂದು ತಿಳಿಯಲು ಹಳೆಯ ನಾಲಿಗೆ ಪರೀಕ್ಷೆಯೇ ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ಉತ್ತಮವಾದದ್ದು. ಸಾಬೂನು ಮಾಡಿ ಕನಿಷ್ಠ ಮೂರು ದಿನ ಕಳೆದ ಮೇಲೆ, ಒದ್ದೆ ಬೆರಳನ್ನು ಕತ್ತರಿಸಿದ ಮುಖದ ಮೇಲೆ ಉಜ್ಜಿ ಆ ಬೆರಳನ್ನು ನಾಲಿಗೆಯ ತುದಿಗೆ ತಾಗಿಸಿ. ಸಾಬೂನಿನ ಕೆಟ್ಟ ರುಚಿ ಮಾತ್ರ ಬಂದರೆ ಸರಿ. ಟಾರ್ಚಿನ ಬ್ಯಾಟರಿಯ ತುದಿಗೆ ನಾಲಿಗೆ ತಾಗಿಸಿದಂತೆ ಚುರುಕ್ಕೆಂದರೆ ಕಾಸ್ಟಿಕ್ ಉಳಿದಿದೆ. ಬಿಲ್ಲೆಯನ್ನೇ ನೆಕ್ಕಬೇಡಿ, ಬಿಳಿ ಕಾಳಿನ ಮೇಲೆ ಉಜ್ಜಿದ ಬೆರಳನ್ನಂತೂ ನಾಲಿಗೆಗೆ ತರಬೇಡಿ, ಅಲ್ಲಿ ನೇರವಾಗಿ ಕಾಸ್ಟಿಕ್ ಇರಬಹುದು. ಅರಿಶಿನ ಕೆಂಪಾಗುತ್ತದೆಯೇ ಎಂದು ನೋಡುವ ಪರೀಕ್ಷೆಯನ್ನು ಕೆಲವರು ಸೂಚಿಸುತ್ತಾರೆ. ಆರತಿ ನೀರಿಗೆ ಅರಿಶಿನ, ಸುಣ್ಣ ಬೆರೆಸಿ ಓಕುಳಿ ಮಾಡುವ ನಮಗೆ ಅದು ಒಪ್ಪಿಗೆಯಾಗುವಂತೆ ಕಾಣುತ್ತದೆ. ಆದರೆ ಎಷ್ಟೇ ಒಳ್ಳೆಯ ಸಾಬೂನೂ ಸ್ವಭಾವತಃ ಕ್ಷಾರೀಯವಾದ್ದರಿಂದ ಅರಿಶಿನ ಎಲ್ಲ ಸಾಬೂನಿನಲ್ಲೂ ಕೆಂಪಗಾಗುತ್ತದೆ. ಹಳದಿ ಸಾಬೂನು ಬೇಕೆಂದು ಕಾಸ್ಟಿಕ್ ನೀರಿಗೆ ಅರಿಶಿನ ಹಾಕಿದವರು ಕಾವಿ ಬಣ್ಣ ಕಂಡು ಗಾಬರಿಯಾಗುವುದೂ ಇದೇ ಕಾರಣಕ್ಕೆ.

ಮೊದಲ ಸಾಬೂನನ್ನು ಎಸೆಯಬೇಕಾಗಿಲ್ಲ. ಅದಕ್ಕೆ ಕೊರತೆಯಾಗಿರುವುದು ಎಣ್ಣೆ, ಮತ್ತು ಎಷ್ಟು ಕೊರತೆ ಎಂಬುದು ಈಗ ಗೊತ್ತಿದೆ. 160 ಗ್ರಾಂ ಕಾಸ್ಟಿಕ್ಕಿಗೆ ಶೇಕಡಾ 5 ಎಣ್ಣೆ ಉಳಿಯುವಂತೆ ಮಾಡಲು ಇನ್ನೂ ಸುಮಾರು 14 ಗ್ರಾಂ ಕಾಸ್ಟಿಕ್ಕನ್ನು ಹಿಡಿಯುವಷ್ಟು ಎಣ್ಣೆ ಸೇರಬೇಕು, ಅಂದರೆ ಶೇಂಗಾ ಎಣ್ಣೆಯಾದರೆ 100 ಗ್ರಾಂ. ಕೊಬ್ಬರಿ ಎಣ್ಣೆಯಾದರೆ 75 ಗ್ರಾಂ ಸಾಕು, ಆದರೆ ಅದು ಈಗಾಗಲೇ ಹೆಚ್ಚಿರುವುದರಿಂದ ಶೇಂಗಾ ಎಣ್ಣೆಯೇ ಮೇಲು. ಕೈಗವಸು ಹಾಕಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಸಾಬೂನನ್ನೆಲ್ಲ ತುರಿಯಿರಿ, ಉದುರಿದ ಪುಡಿಯನ್ನೂ ಬಿಡದೆ ಸೇರಿಸಿ, ಏಕೆಂದರೆ ಅದನ್ನು ಬಿಟ್ಟರೆ ಲೆಕ್ಕ ಮತ್ತೆ ತಪ್ಪುತ್ತದೆ. ಸ್ಟೀಲ್ ಪಾತ್ರೆಯಲ್ಲಿ ತುರಿ, 100 ಗ್ರಾಂ ಎಣ್ಣೆ ಮತ್ತು ಅಷ್ಟೇ ನೀರು ಹಾಕಿ, ಕುದಿಯುವ ನೀರಿನ ದೊಡ್ಡ ಪಾತ್ರೆಯೊಳಗೆ ಆ ಪಾತ್ರೆಯನ್ನಿಟ್ಟು ಮುಚ್ಚಿ, ಆಗಾಗ ಕೆದಕುತ್ತ ಒಂದೆರಡು ಗಂಟೆ ಬೇಯಿಸಿ. ಬಿಳಿ ಕಾಳುಗಳು ಕಾಣದಾಗಿ, ಎಲ್ಲವೂ ಬೂದುಗುಂಬಳದ ಹಲ್ವದಂತೆ ಅರೆಪಾರದರ್ಶಕವಾದ ಮುದ್ದೆಯಾದಾಗ ಅಚ್ಚಿಗೆ ಒತ್ತಿ ತುಂಬಿ. ಆರಿದ ಮೇಲೆ ನಾಲಿಗೆ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಮೇಲ್ಮೈ ಒರಟಾಗಿರುತ್ತದೆ, ಹೊಯ್ದ ಸಾಬೂನಿನ ನುಣುಪು ಇದಕ್ಕೆ ಬರುವುದಿಲ್ಲ. ಮೈಗೆ ಹಚ್ಚಲು ಮಾತ್ರ ಏನೂ ಅಡ್ಡಿಯಿಲ್ಲ.

ಇನ್ನು ಎರಡನೆಯ ಸಾಬೂನು. ಅದರ ಎಣ್ಣೆಗಳನ್ನು ತೂಕಕ್ಕೆ ತಂದರೆ ಸೂರ್ಯಕಾಂತಿ 459, ಕೊಬ್ಬರಿ 275, ಹರಳೆಣ್ಣೆ 192 ಗ್ರಾಂ. ಇವು ಪೂರ್ತಿ ಸಾಬೂನಾಗಲು 137 ಗ್ರಾಂ ಕಾಸ್ಟಿಕ್ ಬೇಕಿತ್ತು, ನೀವು ಹಾಕಿದ್ದು 120. ಎಣ್ಣೆಯ ಶೇಕಡಾ 12ರಷ್ಟು ಸಾಬೂನಾಗದೆ ಹಾಗೆಯೇ ಉಳಿದಿದೆ. ಅದರ ಮೇಲೆ 120 ಗ್ರಾಂ ಕಾಸ್ಟಿಕ್ಕಿಗೆ 380 ಗ್ರಾಂ ನೀರು ಹಾಕಿದ್ದೀರಿ, ಅಂದರೆ ಮೂರು ಪಟ್ಟಿಗಿಂತ ಹೆಚ್ಚು. ಎರಡು ಪಟ್ಟು, ಅಂದರೆ 240 ಗ್ರಾಂ ಸಾಕಾಗಿತ್ತು. ಮಿಕ್ಕ 140 ಗ್ರಾಂ ನೀರು ಮಲೆನಾಡಿನ ಜುಲೈ ತಿಂಗಳ ಗಾಳಿಯಲ್ಲಿ ಎಲ್ಲಿಗೂ ಹೋಗದೆ ಸಾಬೂನಿನಲ್ಲೇ ನಿಂತಿತು. ಮೂರನೆಯದಾಗಿ, ಹರಳೆಣ್ಣೆ ಶೇಕಡಾ 20 ಇತ್ತು. ನೊರೆ ನಿಲ್ಲಲು ಹರಳೆಣ್ಣೆ ಬೇಕು, ಆದರೆ 5ರಿಂದ 8 ದಾಟಿದರೆ ಬಿಲ್ಲೆ ಅಂಟಂಟಾಗುತ್ತದೆ. ಜೊತೆಗೆ ಸೂರ್ಯಕಾಂತಿ ಎಣ್ಣೆ ಸ್ವಭಾವತಃ ಮೆತ್ತಗಿನ ಸಾಬೂನನ್ನು ಕೊಡುವಂಥದ್ದು. ಇಷ್ಟೆಲ್ಲ ಒಂದೇ ಅಚ್ಚಿನಲ್ಲಿ ಸೇರಿದಾಗ ನಾಲ್ಕು ದಿನಕ್ಕಲ್ಲ, ಹದಿನಾಲ್ಕು ದಿನಕ್ಕೂ ಅದು ತಂತಿಗೆ ಅಂಟಿದ್ದರೆ ಆಶ್ಚರ್ಯವಿರಲಿಲ್ಲ.

ನಿಮ್ಮ ಕಾಸ್ಟಿಕ್ ಡಬ್ಬಿಯನ್ನೂ ಒಮ್ಮೆ ನೋಡಿ. ಬೇಸಿಗೆಯಲ್ಲಿ ಒಡೆದ ಡಬ್ಬಿಯನ್ನೇ ಮಳೆಗಾಲದಲ್ಲಿ ಬಳಸಿದ್ದರೆ, ಅದು ಗಾಳಿಯ ತೇವವನ್ನು ಹೀರಿ ಗಂಟುಕಟ್ಟಿರಬಹುದು. ಆಗ ನೀವು ತೂಗಿದ 120 ಗ್ರಾಂನಲ್ಲಿ ನೀರಿನ ತೂಕವೂ ಸೇರಿರುತ್ತದೆ, ಉಳಿದ ಎಣ್ಣೆಯ ಪಾಲು ಇನ್ನೂ ಹೆಚ್ಚಾಗುತ್ತದೆ. ಚಕ್ಕೆ ಉದುರುದುರಾಗಿರಬೇಕು, ಗಂಟಾದದ್ದನ್ನು ಸಾಬೂನಿಗೆ ಬಳಸಬಾರದು. ಪೈಪಿನ ಕಟ್ಟು ಬಿಡಿಸುವ ಪುಡಿಗಳನ್ನು ಕಾಸ್ಟಿಕ್ ಎಂದುಕೊಂಡು ಹಾಕುವುದಂತೂ ಖಂಡಿತ ಬೇಡ, ಅವುಗಳಲ್ಲಿ ಬೇರೆ ವಸ್ತುಗಳು ಬೆರೆತಿರುತ್ತವೆ.

ಕಿತ್ತಳೆ ಚುಕ್ಕೆ ಎಂದರೆ ಉಳಿದ ಎಣ್ಣೆ ಮುಗ್ಗಿದ ಗುರುತು. ಹಪ್ಪಳ ಕರಿದ ಹಳೆಯ ಎಣ್ಣೆ ಕಮಟು ವಾಸನೆ ಬರುವುದು ಯಾವ ಕಾರಣಕ್ಕೋ ಇದೂ ಅದೇ ಕಾರಣಕ್ಕೆ: ಗಾಳಿಯ ಆಮ್ಲಜನಕ ಎಣ್ಣೆಯನ್ನು ಕೆಡಿಸುತ್ತದೆ. ಸೂರ್ಯಕಾಂತಿಯಂಥ ತೆಳು ಎಣ್ಣೆಯಲ್ಲಿ ಬೇಗ ಕೆಡುವ ಲಿನೋಲಿಕ್ ಆಮ್ಲ ಅರ್ಧಕ್ಕಿಂತ ಹೆಚ್ಚು ಇರುವುದು ಸಾಮಾನ್ಯ, ಕೊಬ್ಬರಿ ಎಣ್ಣೆಯಲ್ಲಿ ಅದು ತೀರ ಸ್ವಲ್ಪ. ಕಬ್ಬಿಣ, ತಾಮ್ರದ ಲವಲೇಶ ಸಿಕ್ಕಿದರೂ ಈ ಕೆಡುವಿಕೆ ಚುರುಕಾಗುತ್ತದೆ. ನಿಮ್ಮ ಕಡೆಯ ಜಂಬಿಟ್ಟಿಗೆ ನೆಲದ ಬಾವಿ ನೀರು ಕುಡಿಯಲು ಎಷ್ಟೇ ಸಿಹಿಯಾಗಿದ್ದರೂ ಅದರಲ್ಲಿ ಕಬ್ಬಿಣ ಇರುವ ಸಂಭವ ಹೆಚ್ಚು. ಬಯಲುಸೀಮೆಯ ಕೊಳವೆಬಾವಿ ನೀರಿನ ತೊಂದರೆ ಬೇರೆ. ಅದರ ಸುಣ್ಣದ ಅಂಶ ಸಾಬೂನನ್ನೇ ಹಿಡಿದು, ಬಚ್ಚಲಲ್ಲಿ ಅಂಟುವ ಬಿಳಿ ಜಿಡ್ಡಾಗಿಸುತ್ತದೆ. ಇಬ್ಬರಿಗೂ ಪರಿಹಾರ ಒಂದೇ: ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಒಣಗಿಸಲು ಕಬ್ಬಿಣದ ಜಾಲರಿ ಬಳಸಿದ್ದರೆ ಚುಕ್ಕೆಗಳು ಜಾಲರಿಯ ಗೆರೆಯುದ್ದಕ್ಕೂ ಸಾಲಾಗಿ ಎದ್ದಿರುತ್ತವೆ, ನಿಮ್ಮ ಬಿಲ್ಲೆಗಳನ್ನು ತಿರುಗಿಸಿ ನೋಡಿ.

ಈ ಎರಡನೆಯ ಸಾಬೂನಿಗೆ ಕಾಸ್ಟಿಕ್ ಸೇರಿಸಿ ಮತ್ತೆ ಬೇಯಿಸಬಹುದೇ ಎಂದು ನೀವು ಮುಂದೆ ಕೇಳಬಹುದು. ಲೆಕ್ಕದ ಪ್ರಕಾರ ಸಾಧ್ಯ, ಆದರೆ ನಾನು ಬೇಡವೆನ್ನುತ್ತೇನೆ. ಬೇಯುತ್ತಿರುವ ಮುದ್ದೆಗೆ ಕಾಸ್ಟಿಕ್ ನೀರು ಎಲ್ಲ ಕಡೆಗೂ ಸಮನಾಗಿ ಬೆರೆಯುವುದಿಲ್ಲ, ಒಂದೆಡೆ ಸುಡುವ ಸಾಬೂನು ಇನ್ನೊಂದೆಡೆ ಮೆತ್ತನೆಯ ಸಾಬೂನು ಆಗುತ್ತದೆ. ಅಲ್ಲದೆ ಒಮ್ಮೆ ಮುಗ್ಗಿದ ವಾಸನೆ ಬೇಯಿಸುವುದರಿಂದ ಹೋಗುವುದಿಲ್ಲ. ಚುಕ್ಕೆಯಿಲ್ಲದ ಬಿಲ್ಲೆಗಳನ್ನು ಈಗಲೇ ಬಳಸಿ ಮುಗಿಸಿ. ಚುಕ್ಕೆ ಎದ್ದವು ಅಪಾಯಕಾರಿಯಲ್ಲ, ಆದರೆ ಮೈಗೆ ಹಚ್ಚಲು ಮನಸ್ಸಾಗದು. ನೆಲ ಒರೆಸಲು, ಕೊಟ್ಟಿಗೆಯ ಪಾತ್ರೆ ತೊಳೆಯಲು ಆದೀತು.

ಕತ್ತರಿಸುವ ಹೊತ್ತಿನ ವಿಷಯಕ್ಕೆ ಬರುತ್ತೇನೆ. ಇಷ್ಟೇ ಗಂಟೆ ಎಂದು ಹೇಳುವ ಪಾಕವಿಧಾನವನ್ನು ನಂಬಬೇಡಿ, ಸಾಬೂನನ್ನು ಮುಟ್ಟಿ ನೋಡಿ. ಕೊಬ್ಬರಿ ಎಣ್ಣೆ ಶೇಕಡಾ 30ರಿಂದ 40 ಇರುವ ಸಾಬೂನು ಸಾಮಾನ್ಯವಾಗಿ 18ರಿಂದ 24 ಗಂಟೆಗೆ ಹದಕ್ಕೆ ಬರುತ್ತದೆ, ತೆಳು ಎಣ್ಣೆಗಳೇ ಹೆಚ್ಚಿದ್ದರೆ ಎರಡು ಮೂರು ದಿನ ಬೇಕು, ಮಳೆಗಾಲದಲ್ಲಿ ಇನ್ನೂ ಒಂದು ದಿನ. ಕೈಗವಸು ಹಾಕಿದ ಹೆಬ್ಬೆರಳಿನಿಂದ ಮೂಲೆಯಲ್ಲಿ ಒತ್ತಿದಾಗ ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಬೆಣ್ಣೆಯಂತೆ ಸ್ವಲ್ಪ ತಗ್ಗು ಬಿದ್ದು, ಬೆರಳಿಗೆ ಏನೂ ಅಂಟದಿದ್ದರೆ ಅದು ಹದ. ತಗ್ಗಿನ ಜೊತೆಗೆ ಬೆರಳೂ ಜಿಗುಟಾದರೆ ಇನ್ನೂ ಕಾಯಬೇಕು. ತಗ್ಗೇ ಬೀಳದಿದ್ದರೆ ಹೊತ್ತು ಮೀರಿದೆ. ಮೀರಿದ್ದನ್ನೂ ಹಿಂದಕ್ಕೆ ತರುವ ಒಂದು ಉಪಾಯವಿದೆ: ಇಡೀ ಗಟ್ಟಿಯನ್ನು ನೀರು ಹೋಗದಂತೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಕೈ ತಾಳುವುದಕ್ಕಿಂತ ತುಸು ಹೆಚ್ಚು ಬಿಸಿಯಿರುವ ನೀರಿನಲ್ಲಿ ಅರ್ಧ ಗಂಟೆ ಇಡಿ. ನಡುವಿನವರೆಗೆ ಬೆಚ್ಚಗಾದರೆ ಒಡೆಯದೆ ಕತ್ತರಿಸಲು ಬರುತ್ತದೆ. ಮೆತ್ತಗಿದ್ದು ಅಚ್ಚನ್ನೇ ಬಿಡದ ಸಾಬೂನನ್ನು ಎರಡು ಗಂಟೆ ಫ್ರೀಜರಿನಲ್ಲಿಟ್ಟು ಅಚ್ಚಿನಿಂದ ಬಿಡಿಸಬಹುದು, ಆದರೆ ಹಾಗೆ ತೆಗೆದ ಕೂಡಲೇ ಕತ್ತರಿಸಬೇಡಿ. ಮೇಲೆ ಮೂಡಿದ ನೀರ ಹನಿಗಳು ಆರುವವರೆಗೆ ಬಿಡಿ.

ಚಾಕುವೋ ತಂತಿಯೋ ಎಂಬ ಚರ್ಚೆ ಬಹಳ ನಡೆಯುತ್ತದೆ. ಹದದಲ್ಲಿರುವ ಸಾಬೂನಿಗೆ ತೆಳುವಾದ ಸ್ಟೀಲ್ ತಂತಿ ಮೇಲು. ಗಿಟಾರಿನ ತೆಳು ತಂತಿಯ ಎರಡು ತುದಿಗೆ ಮರದ ಹಿಡಿ ಕಟ್ಟಿಕೊಂಡರೆ ಸಾಕು. ಚಾಕು ದಪ್ಪವಿದ್ದಷ್ಟೂ ಸಾಬೂನನ್ನು ಸೀಳಿ ಎರಡು ಬದಿಗೆ ತಳ್ಳುತ್ತದೆ. ಕೊಬ್ಬರಿ ಎಣ್ಣೆ ಹೆಚ್ಚಿರುವ ಸಾಬೂನು ಒಡೆಯುವುದು ಬಹಳ ಸಲ ಆ ತಳ್ಳುವಿಕೆಗೆ. ತಂತಿಯನ್ನು ಪ್ರತಿ ತುಂಡಿಗೂ ಒರೆಸಬೇಕು, ಹಿಂದಿನ ತುಂಡಿನ ಜಿಡ್ಡು ಉಳಿದರೆ ಮುಂದಿನದರ ಮುಖದಲ್ಲಿ ಎಳೆದ ಗೆರೆಗಳು ಮೂಡುತ್ತವೆ. ಮೇಲೆ ಗುಲಾಬಿ ದಳ, ಲಾವಂಚದ ಪುಡಿ ಉದುರಿಸಿದ್ದರೆ ಗಟ್ಟಿಯನ್ನು ಮಗ್ಗುಲಿಗೆ ಮಲಗಿಸಿ ಕತ್ತರಿಸಿ. ನಿಲ್ಲಿಸಿ ಕತ್ತರಿಸಿದರೆ ತಂತಿ ಆ ದಳಗಳನ್ನು ತಳದವರೆಗೆ ಎಳೆದೊಯ್ದು ಪ್ರತಿ ಬಿಲ್ಲೆಯ ಮೇಲೂ ಉದ್ದನೆಯ ಗೀರು ಬಿಡುತ್ತದೆ. ನಾನು ಸಾಬೂನು ಮಾಡಲು ಕಲಿತ ವರ್ಷ ಮನೆಯವರಿಗೆ ಹಂಚಿದ ಸಾಬೂನುಗಳೆಲ್ಲ ಹೀಗೇ ಗೀರುಬಿದ್ದವು, ಅದನ್ನು ವಿನ್ಯಾಸವೆಂದು ಹೇಳಿಕೊಂಡದ್ದೂ ಉಂಟು.

ಕತ್ತರಿಸಿದ ಮುಖದ ನಡುವೆ ಗಾಢ ಬಣ್ಣದ ದುಂಡು, ಸುತ್ತ ತಿಳಿ ಬಣ್ಣ ಕಂಡರೆ ಗಾಬರಿಯಾಗಬೇಡಿ. ಸಾಬೂನಾಗುವಾಗ ಹುಟ್ಟುವ ಬಿಸಿಯಲ್ಲಿ ನಡುಭಾಗ ಜೆಲ್ಲಿಯಂತಾಗಿ, ಅಂಚು ಮಾತ್ರ ಬೇಗ ತಣ್ಣಗಾಗಿರುತ್ತದೆ. ಬಳಸಲು ತೊಂದರೆಯಿಲ್ಲ, ಆದರೆ ನಡುವೆ ಒಂದು ಗಟ್ಟಿತನ, ಅಂಚಿಗೆ ಇನ್ನೊಂದು ಗಟ್ಟಿತನ ಇರುವುದರಿಂದ ತಂತಿ ಓರೆಯಾಗಿ ಹೋಗುತ್ತದೆ. ಅಚ್ಚನ್ನು ಕಂಬಳಿಯಲ್ಲಿ ಸುತ್ತಿಟ್ಟರೆ ಅಂಚಿನವರೆಗೂ ಒಂದೇ ಬಿಸಿ ನಿಲ್ಲುತ್ತದೆ. ಬೇಸಿಗೆಯಲ್ಲಿ, ಅಥವಾ ಹಾಲು, ಜೇನುತುಪ್ಪ ಹಾಕಿದ ಸಾಬೂನಿಗೆ ಕಂಬಳಿ ಬೇಡ. ಸಕ್ಕರೆಯ ಅಂಶ ಬಿಸಿಯನ್ನು ಇನ್ನಷ್ಟು ಏರಿಸಿ, ಮೇಲ್ಭಾಗ ಬಿರುಕು ಬಿಟ್ಟು ಕೆಲವೊಮ್ಮೆ ಅಚ್ಚಿನಿಂದ ಉಕ್ಕಿ ಹರಿಯುತ್ತದೆ.

ಮುಂದಿನ ಬಾರಿಗೆ ನಿಮ್ಮ ಊರಿನಲ್ಲೇ ಸಿಗುವ ವಸ್ತುಗಳಿಂದ ಒಂದು ಅಳತೆ ಕೊಡುತ್ತೇನೆ, ಎಲ್ಲವೂ ತೂಕದಲ್ಲಿ: ಕೊಬ್ಬರಿ ಎಣ್ಣೆ 400 ಗ್ರಾಂ, ಶೇಂಗಾ ಎಣ್ಣೆ 400, ಮುರುಗಲ ತುಪ್ಪ 120, ಹರಳೆಣ್ಣೆ 80. ಇದಕ್ಕೆ ಕಾಸ್ಟಿಕ್ 146 ಗ್ರಾಂ, ಡಿಸ್ಟಿಲ್ಡ್ ವಾಟರ್ 292 ಗ್ರಾಂ. ಒಡೆದ ಹಿಮ್ಮಡಿಗೆ ಹಚ್ಚಲು ಮಲೆನಾಡಿನ ಮನೆಗಳಲ್ಲಿ ಇಟ್ಟಿರುವ ಮುರುಗಲ ತುಪ್ಪ ಬಿಲ್ಲೆಗೆ ಗಟ್ಟಿತನ ಕೊಡುತ್ತದೆ, ಸುಲಭವಾಗಿ ಮುಗ್ಗುವುದೂ ಇಲ್ಲ. ಆದರೆ ಇದಕ್ಕಿಂತ ಹೆಚ್ಚು ಹಾಕಿದರೆ ಮತ್ತೆ ಒಡೆಯುವ ಸಾಬೂನಿನ ಕಡೆಗೆ ಹೋಗುತ್ತೀರಿ. ಅದನ್ನು ಪೂರ್ತಿ ಕರಗಿಸಿ, ಎಣ್ಣೆಗಳು 45 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುವಾಗಲೇ, ಹೆಚ್ಚುಕಡಿಮೆ ಅಷ್ಟೇ ಬಿಸಿಯಿರುವ ಕಾಸ್ಟಿಕ್ ನೀರನ್ನು ಬೆರೆಸಿ. ತಣ್ಣಗಾದರೆ ತುಪ್ಪ ಹೆಪ್ಪುಗಟ್ಟತೊಡಗಿ ಮಿಶ್ರಣ ದಪ್ಪಗಾಗುತ್ತದೆ, ಸಾಬೂನಾಯಿತೆಂದು ಮೋಸಹೋಗಿ ಅಚ್ಚಿಗೆ ಹೊಯ್ದರೆ ಸ್ವಲ್ಪ ಹೊತ್ತಿಗೆ ಎಣ್ಣೆಯೇ ಬೇರೆಯಾಗಿ ತೇಲುತ್ತದೆ. ಮಿಶ್ರಣವನ್ನು ಮೇಲಿನಿಂದ ಹನಿಸಿದಾಗ ಅದರ ಗೆರೆ ಒಂದು ಕ್ಷಣ ಮೇಲ್ಮೈಯಲ್ಲಿ ನಿಂತು ಆಮೇಲೆ ಮುಳುಗಬೇಕು, ನೀರುದೋಸೆ ಹಿಟ್ಟಿಗಿಂತ ದಪ್ಪ, ಉದ್ದಿನ ದೋಸೆ ಹಿಟ್ಟಿಗಿಂತ ತೆಳು. ಲವಂಗದೆಣ್ಣೆ, ದಾಲ್ಚಿನ್ನಿ ಎಣ್ಣೆ ಹಾಕುವ ಮನಸ್ಸಿದ್ದರೆ ಕೊನೆಯಲ್ಲಿ ಬಹಳ ಸ್ವಲ್ಪ ಹಾಕಿ, ಯಂತ್ರ ಬಳಸದೆ ಸ್ಟೀಲ್ ಚಮಚದಿಂದ ಕದಡಿ; ಅವು ಕಣ್ಣು ಮಿಟುಕಿಸುವುದರೊಳಗೆ ಮಿಶ್ರಣವನ್ನು ಪಾತ್ರೆಯಲ್ಲೇ ಗಟ್ಟಿಯಾಗಿಸಿಬಿಡುತ್ತವೆ.

ಕಾಸ್ಟಿಕ್ಕನ್ನು ನೀರಿಗೆ ಹಾಕಬೇಕು, ಕಾಸ್ಟಿಕ್ಕಿನ ಮೇಲೆ ನೀರು ಹೊಯ್ಯಬಾರದು. ಅಲ್ಯೂಮಿನಿಯಂ ಪಾತ್ರೆ, ಚಮಚ ಯಾವುದೂ ಬೇಡ, ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ. ಕನ್ನಡಕ, ಕೈಗವಸು ಇಲ್ಲದೆ ಡಬ್ಬಿ ತೆರೆಯಬೇಡಿ. ಮೈಗೆ ಸಿಡಿದರೆ ವಿನಿಗರ್ ಹುಡುಕುತ್ತ ಹೊತ್ತು ಕಳೆಯದೆ ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯಿರಿ. ಕಣ್ಣಿಗೆ ಬಿದ್ದರೆ ತೊಳೆಯುವುದನ್ನು ಬಿಡದೆ ಆಸ್ಪತ್ರೆಗೆ ಹೊರಡಿ. ಮಕ್ಕಳಿರುವ ಮನೆಯಲ್ಲಿ ಕಾಸ್ಟಿಕ್ ನೀರನ್ನು ಕುಡಿಯುವ ಲೋಟ, ಬಾಟಲಿಗಳಲ್ಲಿ ಒಂದು ಕ್ಷಣವೂ ಇಡಬಾರದು.

ಈ ಅಳತೆಯ ಸಾಬೂನನ್ನು ಸಂಜೆ ಹೊಯ್ದರೆ ಮರುದಿನ ಮಧ್ಯಾಹ್ನದಿಂದಲೇ ಹೆಬ್ಬೆರಳಿನಿಂದ ಒತ್ತಿ ನೋಡಲು ಶುರುಮಾಡಿ. ಕತ್ತರಿಸಿದ ಬಿಲ್ಲೆಗಳನ್ನು ಬಿದಿರಿನ ತಟ್ಟೆಯ ಮೇಲೆ, ಒಂದಕ್ಕೊಂದು ತಾಗದಂತೆ, ನಾಲ್ಕರಿಂದ ಆರು ವಾರ ಮಾಗಲು ಬಿಡಿ. ಮಳೆಗಾಲದಲ್ಲಿ ಅವುಗಳ ಮೇಲೆ ಬೆವರಿನಂತೆ ಹನಿ ಮೂಡುವುದು ಗ್ಲಿಸರಿನ್ ಗಾಳಿಯ ತೇವ ಹೀರುವುದರಿಂದ, ಒರೆಸಿ ಫ್ಯಾನ್ ಗಾಳಿಗಿಟ್ಟರೆ ಸಾಕು. ಅಟ್ಟ ಬೆಚ್ಚಗಿದೆಯೆಂದು ಅಡಿಕೆ ಒಣಗಿಸುವಲ್ಲಿ ಮಾತ್ರ ಇಡಬೇಡಿ. ಹೊಗೆಯ ವಾಸನೆಯನ್ನು ಸಾಬೂನು ಹೀರಿಕೊಂಡರೆ ಬಿಲ್ಲೆ ಕರಗಿ ಮುಗಿಯುವವರೆಗೂ ಅದು ಬಿಡುವುದಿಲ್ಲ.